ರಜೆಯ ದಿನವೇ ಪ್ರಮಾಣವಚನ ಬಂದಾಗ

ಮಂಗಳೂರಿನಿಂದ ಮಡಿಕೇರಿ ಮಾರ್ಗವಾಗಿ ಮೈಸೂರಿಗೆ ಹೋಗುವ ನಮ್ಮವರಿಗೆ ಕಂಪಲಾಪುರ ಕಣ್ಣಿಗೆ ಪರಿಚಿತ ಊರು. ಬೈಲುಕುಪ್ಪೆ, ಪಿರಿಯಾಪಟ್ಟಣ ದಾಟಿದ ಮೇಲೆ, ಹುಣಸೂರು ಬರುವುದಕ್ಕೆ ಮೊದಲು ಹೆದ್ದಾರಿಯ ಮೇಲೆಯೇ ಸಿಗುತ್ತದೆ. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇಲ್ಲಿದೆ. 2025ರ ಜನವರಿ 20ರ ಸೋಮವಾರ ನಾವು ಮೈಸೂರಿಗೆ ಹೊರಟವರು ಇಲ್ಲಿ ಚಹಾಕ್ಕೆಂದು ಇಳಿದೆವು. ನಮ್ಮ ನಿಲುವಂಗಿ ನೋಡಿ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ ನಿವೃತ್ತ ಮೇಷ್ಟ್ರೊಬ್ಬರು ಕೈಯಲ್ಲಿದ್ದ ಪತ್ರಿಕೆಯನ್ನು ಮಡಚಿ ಕೇಳಿದರು: “ಅಲ್ಲಾ ಸ್ವಾಮಿ, ಅಮೆರಿಕದಲ್ಲಿ ಇವತ್ತು ಸರ್ಕಾರಿ ರಜೆಯಂತೆ. ರಜೆ ದಿನಾನೇ ಅಧ್ಯಕ್ಷರ ಪ್ರಮಾಣವಚನ ಯಾಕೆ ಇಟ್ಕೊಂಡ್ರು? ಬೇರೆ ದಿನ ಸಿಗಲಿಲ್ವಾ?”

ನಾವು ಉತ್ತರ ಹೇಳುವ ಮೊದಲೇ ಅವರದ್ದೇ ಇನ್ನೊಂದು ಮಾತು ಬಂತು. “ನಮ್ಮದೂ ನೋಡಿ, ಈ ಸಲ ಜನವರಿ 26 ಭಾನುವಾರ ಬಿತ್ತು. ಮೇಷ್ಟ್ರುಗಳಿಗೆ ಒಂದು ರಜೆ ಖೋತಾ.” ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೊರಟಿದ್ದ ಹೆಂಗಸೊಬ್ಬರು ಲೋಟ ಕೆಳಗಿಡುತ್ತಾ ನಕ್ಕರು: “ನಮಗೆ ರಜಾ ಅಂದ್ರೆ ಆವತ್ತು ಕೂಲಿ ಇಲ್ಲ ಅಂತ ಅಷ್ಟೇ.”

ಮೇಷ್ಟ್ರ ಪ್ರಶ್ನೆಗೆ ಆಗ ಎರಡು ಮಾತಿನಲ್ಲಿ ಉತ್ತರ ಹೇಳಿ ಬಸ್ಸು ಹತ್ತಿದೆವು. ಆದರೆ ವಿಷಯ ಎರಡು ಮಾತಿನದ್ದಲ್ಲ. ಓದುಗರೊಂದಿಗೆ ಅದನ್ನು ಸ್ವಲ್ಪ ಬಿಡಿಸಿ ನೋಡುವ ಮನಸ್ಸಾಗಿದೆ.

ಮೊದಲು ಅಮೆರಿಕದ ಸಂಗತಿ. ಅಧ್ಯಕ್ಷರ ಅವಧಿ ಜನವರಿ 20ರ ಮಧ್ಯಾಹ್ನ 12 ಗಂಟೆಗೆ ಮುಗಿಯಬೇಕು ಎಂದು ಅಲ್ಲಿನ ಸಂವಿಧಾನದ 20ನೇ ತಿದ್ದುಪಡಿ ಹೇಳುತ್ತದೆ. ಅದು ಜಾರಿಗೆ ಬಂದದ್ದು 1933ರಲ್ಲಿ. ಅದಕ್ಕೆ ಮೊದಲು ಮಾರ್ಚ್ 4 ಆ ದಿನವಾಗಿತ್ತು. ನವೆಂಬರಿನಲ್ಲಿ ಗೆದ್ದವರು ಕುದುರೆಗಾಡಿಯಲ್ಲಿ ರಾಜಧಾನಿ ಸೇರಬೇಕಾಗಿದ್ದ ಕಾಲದ ಲೆಕ್ಕ ಅದು. 1937ರಿಂದ ಜನವರಿ 20 ಎಂದರೆ 20. ಅಂದು ಭಾನುವಾರವಾದರೆ ಒಳಗೆ ಸರಳವಾಗಿ ಪ್ರಮಾಣ ಮುಗಿಸಿ, ಸಾರ್ವಜನಿಕ ಸಮಾರಂಭವನ್ನು ಸೋಮವಾರ ಮಾಡುತ್ತಾರೆ. ಇನ್ನು ರಜೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿನದ್ದು. ಅವರು ಹುಟ್ಟಿದ್ದು 1929ರ ಜನವರಿ 15ರಂದು. ರಜೆಯನ್ನು ಜನವರಿಯ ಮೂರನೇ ಸೋಮವಾರಕ್ಕೆ ಕಟ್ಟಿದ್ದಾರೆ. ಮೂರನೇ ಸೋಮವಾರ 15ರಿಂದ 21ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ಹೀಗಾಗಿ ಎರಡೂ ಒಂದೇ ದಿನ ಬರುವುದು ಪಂಚಾಂಗದ ಕೆಲಸ, ಯಾರೂ ಇಟ್ಟುಕೊಂಡದ್ದಲ್ಲ. 1997ರಲ್ಲಿ ಕ್ಲಿಂಟನ್, 2013ರಲ್ಲಿ ಒಬಾಮ, 2025ರಲ್ಲಿ ಟ್ರಂಪ್ — ಮೂರು ಬಾರಿ ಹೀಗಾಗಿದೆ. ಮೂರೂ ಸಲ ಅದು ಅಧ್ಯಕ್ಷರ ಎರಡನೇ ಅವಧಿ ಎಂಬುದೊಂದು ಸ್ವಾರಸ್ಯ. ವಾಷಿಂಗ್ಟನ್ ಸುತ್ತಮುತ್ತಲಿನ ಕೇಂದ್ರ ಸರ್ಕಾರಿ ನೌಕರರಿಗೆ ಪ್ರಮಾಣವಚನದ ದಿನವೂ ರಜೆ. ಎರಡೂ ಒಂದೇ ದಿನ ಬಂದರೆ ಅವರಿಗೆ ಬದಲಿ ರಜೆ ಇಲ್ಲ. ನಮ್ಮ ಮೇಷ್ಟ್ರ ಸಂಕಟ ಅಲ್ಲಿಯೂ ಉಂಟು ಎಂದಾಯಿತು.

ಆದರೆ ಆ ರಜೆ ಸುಮ್ಮನೆ ಸಿಕ್ಕಿದ್ದಲ್ಲ ಎಂಬುದನ್ನು ನಾವು ಮರೆಯಬಾರದು. ಕಿಂಗ್ ಅವರನ್ನು 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಗುಂಡಿಕ್ಕಿ ಕೊಂದರು. ಅವರು ಅಲ್ಲಿಗೆ ಹೋಗಿದ್ದು ಕಸ ಎತ್ತುವ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು. ನಾಲ್ಕೇ ದಿನದಲ್ಲಿ ಅವರ ಹೆಸರಿನಲ್ಲಿ ರಜೆ ಬೇಕೆಂಬ ಮಸೂದೆ ಅಮೆರಿಕದ ಸಂಸತ್ತಿಗೆ ಬಂತು. ಹದಿನೈದು ವರ್ಷ ಅದು ಅಲೆದಾಡಿತು. 1979ರಲ್ಲಿ ಕೆಳಮನೆಯಲ್ಲಿ ಬರೇ ಐದು ಮತಗಳ ಕೊರತೆಯಿಂದ ಬಿದ್ದುಹೋಯಿತು. ಸಂಬಳ ಸಹಿತ ಇನ್ನೊಂದು ರಜೆ ಕೊಟ್ಟರೆ ಖಜಾನೆಗೆ ಎಷ್ಟು ನಷ್ಟ ಎಂಬುದು ವಿರೋಧಿಸಿದವರ ಒಂದು ವಾದವಾಗಿತ್ತು. ಪತ್ನಿ ಕೊರೆಟ್ಟಾ ಸ್ಕಾಟ್ ಕಿಂಗ್ ಬೆನ್ನು ಬಿಡಲಿಲ್ಲ. ಕೊನೆಗೆ 1983ರ ನವೆಂಬರ್ 2ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಮೊದಲ ರಜೆ ಆಚರಣೆಯಾದದ್ದು 1986ರ ಜನವರಿ 20ರಂದು. ಅರಿಝೋನಾ ರಾಜ್ಯದಲ್ಲಿ ಕೊಟ್ಟ ರಜೆಯನ್ನು 1987ರಲ್ಲಿ ಅಲ್ಲಿನ ಗವರ್ನರ್ ವಾಪಸ್ ಪಡೆದರು. 1992ರಲ್ಲಿ ಜನರೇ ಮತ ಹಾಕಿ ಅದನ್ನು ಮರಳಿ ತಂದರು. ಎಲ್ಲಾ 50 ರಾಜ್ಯಗಳು ಒಪ್ಪುವಾಗ 2000ನೇ ಇಸವಿ ಬಂದಿತ್ತು.

ಕಿಂಗ್ ನಮಗೆ ತೀರಾ ದೂರದವರೂ ಅಲ್ಲ. 1959ರಲ್ಲಿ ಅವರು ಭಾರತಕ್ಕೆ ಬಂದಿದ್ದರು. ಕೇರಳದ ಶಾಲೆಯೊಂದರಲ್ಲಿ ದಲಿತ ಮಕ್ಕಳಿಗೆ ಅವರನ್ನು ಪರಿಚಯಿಸುವಾಗ, ಅಮೆರಿಕದಿಂದ ಬಂದ ನಿಮ್ಮಂತೆಯೇ ಅಸ್ಪೃಶ್ಯರು ಎಂಬ ಅರ್ಥದ ಮಾತು ಬಂತು. ಮೊದಲು ಬೇಸರವಾಯಿತು, ಆಮೇಲೆ ಯೋಚಿಸಿದಾಗ ಅದು ನಿಜವೆನಿಸಿತು ಎಂದು ಅವರೇ 1965ರ ಪ್ರಸಂಗವೊಂದರಲ್ಲಿ ಹೇಳಿಕೊಂಡರು.

ಇಂಥವರ ದಿನದಂದು ಅಧಿಕಾರ ಸ್ವೀಕರಿಸುವವರು ಆ ದಿನವನ್ನು ಏನು ಮಾಡುತ್ತಾರೆ? ಕ್ಲಿಂಟನ್ ತಮ್ಮ ಭಾಷಣದಲ್ಲಿ ಕಿಂಗ್ ಅವರನ್ನು ನೆನೆದರು. ಒಬಾಮ ಎರಡು ಬೈಬಲ್‌ಗಳ ಮೇಲೆ ಕೈಯಿಟ್ಟರು — ಒಂದು ಲಿಂಕನ್ ಅವರದ್ದು, ಇನ್ನೊಂದು ಕಿಂಗ್ ಪ್ರವಾಸದಲ್ಲಿ ಒಯ್ಯುತ್ತಿದ್ದದ್ದು. 2025ರಲ್ಲಿ ವಿಪರೀತ ಚಳಿಯ ಕಾರಣ ಸಮಾರಂಭವನ್ನು ಸಂಸತ್ ಭವನದ ಗುಮ್ಮಟದ ಕೆಳಗಿನ ಸಭಾಂಗಣಕ್ಕೆ ತಂದರು. ಆ ಸಭಾಂಗಣದಲ್ಲಿ 1986ರಿಂದ ಕಿಂಗ್ ಅವರ ಎದೆಮಟ್ಟದ ಪ್ರತಿಮೆ ಇದೆ. ಟ್ರಂಪ್ ಕೂಡಾ ಅವರ ಹೆಸರೆತ್ತಿ, ಅವರ ಕನಸನ್ನು ಒಟ್ಟಾಗಿ ನನಸು ಮಾಡೋಣ ಎಂದರು. ಅಂದೇ, ನಮ್ಮಲ್ಲಿ ಎಲ್ಲರೂ ನಿದ್ದೆಯಲ್ಲಿದ್ದ ಹೊತ್ತಿಗೆ, ಸರ್ಕಾರಿ ಇಲಾಖೆಗಳಲ್ಲಿ ಕಪ್ಪು ಜನರೂ ಸೇರಿ ಹಿಂದುಳಿದವರಿಗೆ ಅವಕಾಶ ಕೊಡಲೆಂದಿದ್ದ ಕಾರ್ಯಕ್ರಮಗಳನ್ನು ನಿಲ್ಲಿಸುವ ಆದೇಶಕ್ಕೂ ಸಹಿ ಹಾಕಿದರು. ಬಣ್ಣ ನೋಡದೆ ಅರ್ಹತೆ ನೋಡುವುದೇ ಕಿಂಗ್ ಆಶಯವಾಗಿತ್ತು ಎಂದು ಅವರ ಬೆಂಬಲಿಗರು ಹೇಳುತ್ತಾರೆ. ಕಸ ಎತ್ತುವವರ ಕೂಲಿಗಾಗಿ ಹೋಗಿ ಪ್ರಾಣ ಬಿಟ್ಟವರ ಆಶಯ ಅಷ್ಟಕ್ಕೇ ನಿಲ್ಲುತ್ತದೆಂದು ನಮಗೆ ಅನಿಸುವುದಿಲ್ಲ. ಅದೇ ದಿನದ ಇನ್ನೊಂದು ಆದೇಶ ನಮ್ಮವರ ಮನೆಗಳಿಗೂ ತಟ್ಟಿತು: ತಾತ್ಕಾಲಿಕ ವೀಸಾದಲ್ಲಿರುವ ತಂದೆತಾಯಿಗೆ ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಎಂಬುದು. ಮೂರೇ ದಿನದಲ್ಲಿ, ಜನವರಿ 23ರಂದು, ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ಅದಕ್ಕೆ ತಾತ್ಕಾಲಿಕ ತಡೆ ಹಾಕಿದರು. ಆ ವಾರ ಅಮೆರಿಕದಲ್ಲಿ ಮಕ್ಕಳಿರುವ ಕರಾವಳಿಯ ಎಷ್ಟೋ ಮನೆಗಳಲ್ಲಿ ಅದೇ ಮಾತು.

ಈ ಆದೇಶಗಳು ಮಂಗಳವಾರ ಬಂದಿದ್ದರೆ ಕಿಂಗ್ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲವೇನೋ. ಬಂದದ್ದು ಅವರ ದಿನದಂದು. ಹಾಗಾಗಿ ಪರವಾಗಿರಲಿ ವಿರೋಧವಾಗಿರಲಿ, ಎಲ್ಲರೂ ಅವರ ಹೆಸರನ್ನೇ ಹಿಡಿದು ಅಳೆದರು. ರಜೆಯ ದಿನ ಪ್ರಮಾಣ ಸ್ವೀಕರಿಸುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ಅಳತೆಗೋಲನ್ನು ಜನರ ಕೈಗೆ ಕೊಟ್ಟುಬಿಡುತ್ತಾರೆ. ಜನ ಅದನ್ನು ಬಳಸಿದರೆ ರಜೆ ಉಳಿಯುತ್ತದೆ. ಬಳಸದಿದ್ದರೆ ರಜೆ ಮೆರವಣಿಗೆಯ ಹಿಂದಿನ ಪರದೆಯಾಗಿಬಿಡುತ್ತದೆ. ನಮ್ಮ ನಾಡಿನಲ್ಲಿ ಇದು ಹೇಗೆ ನಡೆದಿದೆ?

ನಮ್ಮ ರಾಷ್ಟ್ರಪತಿಗಳು ಪ್ರಮಾಣ ಸ್ವೀಕರಿಸುವುದು ಜುಲೈ 25ರಂದು. ಅದು ಸರ್ಕಾರಿ ರಜೆಯಲ್ಲ. ನಮಗೆ ಅಪೊಸ್ತಲ ಸಂತ ಯಾಕೋಬರ ಹಬ್ಬ, ಅಷ್ಟೆ. ಈ ತಾರೀಕನ್ನು ಸಂವಿಧಾನ ಬರೆದಿಟ್ಟಿಲ್ಲ. ಅದು ಎರಡು ಸಾವುಗಳಿಂದ ಬಂದ ತಾರೀಕು. 1952ರಿಂದ 1967ರ ತನಕ ಪ್ರಮಾಣವಚನ ಮೇ 13ರಂದು ನಡೆಯುತ್ತಿತ್ತು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಡಾ. ರಾಧಾಕೃಷ್ಣನ್ 1962ರಲ್ಲಿ ಪ್ರಮಾಣ ಸ್ವೀಕರಿಸಿದ್ದೂ ಅಂದೇ. 1969ರಲ್ಲಿ ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ನಮ್ಮಲ್ಲಿ ಮಧ್ಯದಲ್ಲಿ ಆಯ್ಕೆಯಾದವರಿಗೂ ಪೂರ್ತಿ ಐದು ವರ್ಷ ಸಿಗುವುದರಿಂದ ದಿನ ಆಗಸ್ಟ್ 24ಕ್ಕೆ ಸರಿಯಿತು. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ನಮ್ಮ ಜಮಖಂಡಿಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಆ ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಪ್ರಮಾಣ ಸ್ವೀಕರಿಸಿದರು. ಅಂದಿನಿಂದ 2022ರಲ್ಲಿ ದ್ರೌಪದಿ ಮುರ್ಮು ಅವರ ತನಕ ಹತ್ತು ಮಂದಿಗೆ ಅದೇ ದಿನ. 1982ರಲ್ಲಿ ಅದು ಭಾನುವಾರ ಬಂದಿತ್ತು. ಜೈಲ್ ಸಿಂಗ್ ಭಾನುವಾರವೇ ಪ್ರಮಾಣ ಸ್ವೀಕರಿಸಿದರು, ಅಮೆರಿಕದವರಂತೆ ಸೋಮವಾರಕ್ಕೆ ದೂಡಲಿಲ್ಲ. 2027ರ ಜುಲೈ 25 ಕೂಡಾ ಭಾನುವಾರವೇ.

ಆದರೆ ಮೊತ್ತಮೊದಲ ಪ್ರಮಾಣವಚನದ ಕಥೆ ಬೇರೆ. 1950ರ ಜನವರಿ 26, ಗುರುವಾರ. ದೆಹಲಿಯ ದರ್ಬಾರ್ ಹಾಲಿನಲ್ಲಿ ಕೊನೆಯ ಗವರ್ನರ್ ಜನರಲ್ ರಾಜಾಜಿಯವರು ಭಾರತ ಗಣರಾಜ್ಯವಾಯಿತೆಂದು ಘೋಷಣೆ ಓದಿದರು. ಕೆಲವೇ ನಿಮಿಷಗಳಲ್ಲಿ ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕನಿಯಾ ಅವರು ಬಾಬು ರಾಜೇಂದ್ರ ಪ್ರಸಾದರಿಗೆ ಪ್ರಮಾಣವಚನ ಬೋಧಿಸಿದರು. ಈ ದಿನವನ್ನು ಆರಿಸಿದ್ದು ಪಂಚಾಂಗ ನೋಡಿ ಅಲ್ಲ. 1930ರ ಜನವರಿ 26ರಂದು ದೇಶದಾದ್ಯಂತ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದ ನೆನಪಿಗಾಗಿ. ಸಂವಿಧಾನ ಸಿದ್ಧವಾಗಿ 1949ರ ನವೆಂಬರ್ 26ಕ್ಕೆ ಅಂಗೀಕಾರವಾಗಿತ್ತು. ಎರಡು ತಿಂಗಳು ಕಾದು ಈ ದಿನಕ್ಕೆ ಜಾರಿ ಮಾಡಿದರು. ಇಲ್ಲಿ ರಜೆಯ ಮೇಲೆ ಪ್ರಮಾಣವಚನ ಬಂದು ಬೀಳಲಿಲ್ಲ. ಜನರ ಹಳೆಯ ಪ್ರತಿಜ್ಞೆಯ ದಿನದಂದು ಹೊಸ ಪ್ರಮಾಣ, ಅದರಿಂದ ಹುಟ್ಟಿದ್ದು ರಜೆ.

ಅದೇ ದಿನ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಮೈಸೂರು ರಾಜ್ಯದ ರಾಜಪ್ರಮುಖರಾದರು. ಕಂಪಲಾಪುರ, ಹುಣಸೂರು, ಕೃಷ್ಣರಾಜನಗರದ ಜನ ನಿನ್ನೆಯ ತನಕ ಮಹಾರಾಜರ ಪ್ರಜೆಗಳಾಗಿದ್ದವರು ಅಂದು ಗಣರಾಜ್ಯದ ಪೌರರಾದರು. ಮಂಗಳೂರಿನ ನಾವು ಆಗ ಮದ್ರಾಸ್ ರಾಜ್ಯದಲ್ಲಿದ್ದೆವು. ನಡುವಿನ ಕೊಡಗು ತಾನೇ ಒಂದು ರಾಜ್ಯ. ಇಂದು ಒಂದೇ ಬಸ್ಸಿನಲ್ಲಿ ಹೋಗುವ ದಾರಿಯಲ್ಲಿ ಅಂದು ಮೂರು ರಾಜ್ಯಗಳು.

ಈ ಮೂರನ್ನೂ ಸೇರಿಸಿದ ದಿನವೂ ಇಂಥದ್ದೇ. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯವನ್ನು ಉದ್ಘಾಟಿಸಲು ರಾಷ್ಟ್ರಪತಿ ರಾಜೇಂದ್ರ ಪ್ರಸಾದರೇ ಬೆಂಗಳೂರಿಗೆ ಬಂದರು. ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಇಂದು ಆ ದಿನ ರಾಜ್ಯೋತ್ಸವದ ರಜೆ. ಅಂದು ಅಧಿಕಾರ ಸ್ವೀಕರಿಸಿದ್ದು ಎಷ್ಟು ಮಂದಿಗೆ ನೆನಪಿದೆ? ಕಥೋಲಿಕರಾದ ನಮಗೆ ನವೆಂಬರ್ 1 ಸಕಲ ಸಂತರ ಹಬ್ಬವೂ ಹೌದು. ಬೆಳಗ್ಗೆ ಬಲಿಪೂಜೆ, ಆಮೇಲೆ ಹಳದಿ ಕೆಂಪು ಬಾವುಟ — ಆಗಸ್ಟ್ 15ರಂದು ಮಾತೆ ಮರಿಯಮ್ಮನ ಸ್ವರ್ಗಾರೋಹಣದ ಹಬ್ಬ ಮತ್ತು ಸ್ವಾತಂತ್ರ್ಯೋತ್ಸವ ಎರಡನ್ನೂ ನಡೆಸುವಂತೆ ಇದನ್ನೂ ನಡೆಸಿಕೊಂಡು ಬಂದಿದ್ದೇವೆ. ಕಾಸರಗೋಡಿನ ನಮ್ಮ ಕನ್ನಡ ಬಾಂಧವರಿಗೆ ಮಾತ್ರ ಅದೇ ನವೆಂಬರ್ 1 ಕೇರಳಕ್ಕೆ ಸೇರಿಹೋದ ದಿನ. ಒಂದು ತಾರೀಕು ಎಲ್ಲರಿಗೂ ಒಂದೇ ಆಗಿರಬೇಕಿಲ್ಲ.

ಇನ್ನು ರಜೆಯ ದಿನವನ್ನು ಹಿಡಿದು ಅಧಿಕಾರ ಸ್ವೀಕರಿಸಿದ ಉದಾಹರಣೆ ಬೇಕಾದರೆ ಮೈಸೂರು ಜಿಲ್ಲೆಯದ್ದೇ ಇದೆ. ರಾಷ್ಟ್ರಪತಿಯದಲ್ಲ, ಮುಖ್ಯಮಂತ್ರಿಯದು. 2013ರ ಮೇ 8ರಂದು ವಿಧಾನಸಭೆಯ ಫಲಿತಾಂಶ ಬಂತು. ಮೇ 13ರ ಸೋಮವಾರ ಬಸವ ಜಯಂತಿ, ಸರ್ಕಾರಿ ರಜೆ. ಅಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ವರುಣಾ ಕ್ಷೇತ್ರದ ಸಿದ್ದರಾಮಯ್ಯ ಒಬ್ಬರೇ ಪ್ರಮಾಣ ಸ್ವೀಕರಿಸಿದರು. ಅಂದೇ ಬಡ ಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕಿಲೋ ಅಕ್ಕಿ ಕೊಡುವ ತೀರ್ಮಾನ ಹೇಳಿದರು. ಜುಲೈಯಲ್ಲಿ ಅದು ಅನ್ನಭಾಗ್ಯ ಎಂಬ ಹೆಸರಿನಲ್ಲಿ ಆರಂಭವಾಯಿತು. ಬಸವ ಜಯಂತಿಯಂದೇ ಪ್ರಮಾಣ ಸ್ವೀಕರಿಸಿದೆ ಎಂದು ಅವರೇ ಮುಂದೆ ಹಲವು ಬಾರಿ ಹೇಳಿದ್ದುಂಟು. ಹಾಗೆ ಹೇಳಿದ ಮೇಲೆ ಬಸವಣ್ಣನವರ ಕಾಯಕ, ದಾಸೋಹದ ಮಾತನ್ನು ಹಿಡಿದು ಆ ಸರ್ಕಾರವನ್ನು ಅಳೆಯುವ ಹಕ್ಕು ಜನರಿಗೆ ತಾನಾಗಿ ಬಂತು. ಅಕ್ಕಿಯ ವಿಷಯದಲ್ಲಿ ಅಳತೆ ಒಪ್ಪುವಂತಿತ್ತು ಎಂಬುದು ನಮ್ಮ ಅಭಿಪ್ರಾಯ. ಉಳಿದ ವಿಷಯಗಳಲ್ಲಿ ಓದುಗರು ತಮ್ಮ ತಮ್ಮ ಅನುಭವದಿಂದ ತೀರ್ಮಾನಿಸಿಕೊಳ್ಳಲಿ.

ಇದರಲ್ಲಿ ಒಂದು ವಿಚಿತ್ರ ಇದೆ. ಕಂಪಲಾಪುರದವರು ಆ ದಿನ ಇನ್ನೂ ಮತ ಹಾಕಿಯೇ ಇರಲಿಲ್ಲ! ಅಭ್ಯರ್ಥಿಯೊಬ್ಬರ ನಿಧನದಿಂದ ಪಿರಿಯಾಪಟ್ಟಣ ಕ್ಷೇತ್ರದ ಮತದಾನ ಮೇ 28ಕ್ಕೆ ಮುಂದೆ ಹೋಗಿತ್ತು. ರಾಜ್ಯದ 224 ಕ್ಷೇತ್ರಗಳಲ್ಲಿ 223ಕ್ಕೆ ಮಾತ್ರ ಫಲಿತಾಂಶ ಬಂದಿತ್ತು. ತಮ್ಮ ಜಿಲ್ಲೆಯವರೇ ಮುಖ್ಯಮಂತ್ರಿಯಾಗುವುದನ್ನು ಈ ಜನ ರಜೆಯ ದಿನ ಟಿ.ವಿ.ಯಲ್ಲಿ ನೋಡಿದರು, ತಮ್ಮ ಮತವನ್ನು ಎರಡು ವಾರದ ಮೇಲೆ, ಸರ್ಕಾರ ಕುಳಿತಾದ ಬಳಿಕ ಹಾಕಿದರು. ಮೇಷ್ಟ್ರಿಗೆ ಇದನ್ನು ನೆನಪಿಸಿದಾಗ ಅವರು ಜೋರಾಗಿ ನಕ್ಕಿದ್ದರು.

ಇದೇ ತಾಲ್ಲೂಕಿನ ಬೈಲುಕುಪ್ಪೆಯ ಟಿಬೆಟಿಯನ್ನರದ್ದೂ ಒಂದು ಮಾತು ಹೇಳಿಬಿಡುತ್ತೇವೆ. ಅವರ ದೇಶಭ್ರಷ್ಟ ಆಡಳಿತದ ಮುಖ್ಯಸ್ಥರನ್ನು ಸಿಕ್ಯೋಂಗ್ ಎನ್ನುತ್ತಾರೆ. ಪತ್ರಿಕೆಗಳು ಅಧ್ಯಕ್ಷರೆಂದೂ ಬರೆಯುವುದುಂಟು. 2011ರ ಆಗಸ್ಟ್ 8ರಂದು ಲೋಬ್ಸಾಂಗ್ ಸಂಗೇ ಶುಭ ಗಳಿಗೆ ನೋಡಿ ಬೆಳಗ್ಗೆ 9 ಗಂಟೆ 9 ನಿಮಿಷ 9 ಸೆಕೆಂಡಿಗೆ ಪ್ರಮಾಣ ಸ್ವೀಕರಿಸಿದ್ದರು. ಬೈಲುಕುಪ್ಪೆಯಲ್ಲೇ ಹುಟ್ಟಿ ಬೆಳೆದ ಪೆನ್ಪಾ ಸೆರಿಂಗ್ ಧರ್ಮಶಾಲಾದಲ್ಲಿ ಪ್ರಮಾಣ ಸ್ವೀಕರಿಸಿದ್ದು 2021ರ ಮೇ 27ರಂದು. ಹಿಂದಿನ ದಿನವೇ ಬುದ್ಧ ಪೂರ್ಣಿಮೆ. 2016ರಲ್ಲೂ ಮೇ 27ರಂದೇ ಆಗಿತ್ತು, ಹಾಗಾಗಿ ಬೇಕೆಂದು ಮಾಡಿದ್ದಲ್ಲ. ಆದರೂ ಹಬ್ಬ ಹಬ್ಬದ ಪಾಡಿಗೆ ಒಂದು ದಿನ, ಪ್ರಮಾಣ ಮರುದಿನ.

ನಮ್ಮ ಧರ್ಮಸಭೆಯಲ್ಲಿ ಎರಡು ಹಬ್ಬ ಒಂದೇ ದಿನ ಬಂದರೆ ಏನು ಮಾಡಬೇಕೆಂಬುದಕ್ಕೆ ಪಟ್ಟಿ ಇದೆ, ಯಾವುದು ಮೊದಲು ಯಾವುದು ಆಮೇಲೆ ಎಂದು. 2024ರಲ್ಲಿ ಮಾರ್ಚ್ 25ರ ಮಂಗಳವಾರ್ತೆಯ ಹಬ್ಬ ಪವಿತ್ರ ವಾರದಲ್ಲಿ ಬಂದದ್ದರಿಂದ ಅದನ್ನು ಏಪ್ರಿಲ್ 8ಕ್ಕೆ ಆಚರಿಸಿದೆವು. ಹಬ್ಬ ಕಳೆದುಹೋಗಲಿಲ್ಲ, ಸರಿದು ಕುಳಿತಿತು. ಸರ್ಕಾರಗಳಿಗೆ ಅಂಥ ಪಟ್ಟಿ ಇಲ್ಲ. ಎರಡು ಒಂದೇ ದಿನ ಬಂದರೆ ದೊಡ್ಡ ಸದ್ದಿನದ್ದು ಸಣ್ಣ ಸದ್ದಿನದ್ದನ್ನು ನುಂಗುತ್ತದೆ. ಅಮೆರಿಕದಲ್ಲಿ ಪ್ರಮಾಣವಚನ ರಜೆಯನ್ನು ನುಂಗುವ ಭಯ. ನಮ್ಮಲ್ಲಿ ಉಲ್ಟಾ ಆಗಿದೆ ಎಂಬುದು ನಮ್ಮ ಅನಿಸಿಕೆ: ಜನವರಿ 26ರಂದು ರಜೆ, ಪಥಸಂಚಲನ, ಮಿಠಾಯಿ ಉಳಿದವು, ಪ್ರಮಾಣವಚನ ಮರೆತುಹೋಯಿತು. ಸಂವಿಧಾನವನ್ನೂ ಕಾನೂನನ್ನೂ ಕಾಪಾಡುತ್ತೇನೆ, ಭಾರತದ ಜನರ ಸೇವೆಗೂ ಕ್ಷೇಮಕ್ಕೂ ನನ್ನನ್ನು ಮುಡಿಪಾಗಿಡುತ್ತೇನೆ ಎಂಬುದು 60ನೇ ವಿಧಿಯಲ್ಲಿರುವ ಆ ಪ್ರಮಾಣದ ತಿರುಳು. ಚರ್ಚ್ ಅಂಗಳದಲ್ಲಿ ಬಾವುಟ ಹಾರಿಸುವಾಗ ಇದನ್ನು ಓದಲು ಒಂದು ನಿಮಿಷ ಸಾಕು. ಪಾಲನಾ ಪರಿಷತ್ತಿನವರೂ ವಾಳೆಯ ಗುರಿಕಾರರೂ ಈ ಬಗ್ಗೆ ಯೋಚಿಸಬಹುದು.

ಕೂಲಿಯ ಹೆಂಗಸಿನ ಮಾತಿಗೆ ನಾವು ಅಂದು ಉತ್ತರ ಕೊಡಲಿಲ್ಲ, ಕೊಡಲು ಇರಲೂ ಇಲ್ಲ. ಕರ್ನಾಟಕದಲ್ಲಿ ಕೈಗಾರಿಕೆ, ಅಂಗಡಿಗಳ ನೌಕರರಿಗೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಸಂಬಳ ಸಹಿತ ರಜೆಯೆಂದು 1963ರ ಕಾಯ್ದೆ ಹೇಳುತ್ತದೆ. ಹೊಲದ ದಿನಗೂಲಿಗೆ, ಮನೆಯಂಗಳದಲ್ಲಿ ಕುಳಿತು ಸೊಪ್ಪು ವಿಂಗಡಿಸುವವರಿಗೆ ಅದು ತಲುಪುವುದಿಲ್ಲ. ನಮ್ಮ ಧರ್ಮಕೇಂದ್ರಗಳ ತೋಟಗಳಲ್ಲೂ, ಕಟ್ಟಡ ಕೆಲಸಗಳಲ್ಲೂ ದಿನಗೂಲಿಯವರಿದ್ದಾರೆ. ಗಣರಾಜ್ಯೋತ್ಸವದ ದಿನ ಅವರಿಗೆ ಕೆಲಸವಿಲ್ಲ ಎನ್ನುವಾಗ ಕೂಲಿಯ ಮಾತೇನು ಎಂಬುದನ್ನು ಅವರವರ ಲೆಕ್ಕಪುಸ್ತಕ ತೆರೆದು ನೋಡಿಕೊಳ್ಳಬೇಕು. ನಮ್ಮದನ್ನು ನಾವು ನೋಡಿಕೊಂಡೆವು. ಎರಡು ದಿನದ ಬಾಕಿ ಇತ್ತು, ಕೊಟ್ಟದ್ದಾಯಿತು.

ಕಂಪಲಾಪುರದಿಂದ ಬಂದ ಆರನೇ ದಿನ ಭಾನುವಾರ, ಜನವರಿ 26. ಪೂಜೆ ಮುಗಿದು ಬಾವುಟ ಏರಿದ ಮೇಲೆ ಆ ಪ್ರಮಾಣದ ಮಾತುಗಳನ್ನು ಯುವಜನರೊಬ್ಬರಿಂದ ಓದಿಸಿದೆವು. ಚಹಾ ಕುಡಿಯುವಾಗ ಎಂಬತ್ತು ದಾಟಿದ ಹಿರಿಯರೊಬ್ಬರು ಊರುಗೋಲೂರಿಕೊಂಡು ಹತ್ತಿರ ಬಂದರು. “ಆ ವರ್ಷ ಶಾಲೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೈಗೆ ಮಿಠಾಯಿ ಕೊಟ್ಟಿದ್ದರು ಫಾದರ್. ನಾನು ಸಣ್ಣವ, ತಿಂದು ಮನೆಗೆ ಓಡಿದ್ದೆ. ದೆಹಲಿಯಲ್ಲಿ ಒಬ್ಬರು ಹೀಗೆ ಪ್ರಮಾಣ ಮಾಡಿದ್ದರು ಅಂತ ಯಾರೂ ಹೇಳಿರಲಿಲ್ಲ ನೋಡಿ” ಎಂದರು. ಆಮೇಲೆ ಓದಿದ ಹುಡುಗಿಯನ್ನು ಕರೆದು, ಆ ಕಾಗದವನ್ನು ತಮಗೊಮ್ಮೆ ಕೊಡುವಂತೆ ಕೇಳಿದರು.